ದಿನಾ ಜೇಷ್ಠಮಧು ಅಗಿದರೆ ಬಿಪಿ ಜಾಸ್ತಿ ಆಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ಅಪ್ಪನಿಗೆ 63 ವರ್ಷ, ಊರು ಶಿರಸಿ ಹತ್ತಿರ. ಮೂರು ತಿಂಗಳ ಹಿಂದೆ ಕವಳ (ಎಲೆ-ಅಡಿಕೆ) ಬಿಟ್ಟರು. ಬಾಯಿ ಸುಮ್ನೆ ಇರೋದಿಲ್ಲ ಅಂತ ದಿನವಿಡೀ ಜೇಷ್ಠಮಧು ಕಡ್ಡಿ ಅಗಿಯುತ್ತಾರೆ. ಮೊದಲು 130ರ ಆಸುಪಾಸು ಇದ್ದ ಬಿಪಿ ಈಗ ಮಾತ್ರೆ ತೆಗೆದುಕೊಂಡರೂ 170. ರಕ್ತದಲ್ಲಿ ಪೊಟ್ಯಾಶಿಯಂ 2.9. ಒಂದು ಬೇರಿನಿಂದ ಹೀಗೆಲ್ಲ ಆಗುತ್ತಾ ಅಂತ ಕೇಳಿದ್ದೀರಿ.

ಆಗುತ್ತದೆ. ವಿವರ ಆಮೇಲೆ ಓದಿ, ಮೊದಲು ಅಪ್ಪನನ್ನು ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪೊಟ್ಯಾಶಿಯಂ 3.5ರಿಂದ 5ರ ನಡುವೆ ಇರಬೇಕು. 2.9 ಅಂದರೆ ಹೃದಯದ ಬಡಿತದ ಲಯ ತಪ್ಪುವ ಭಯ ಇರುತ್ತದೆ. ಒಂದು ಇಸಿಜಿ ಮಾಡಿಸಿ. ಜೇಷ್ಠಮಧುವನ್ನು ಈ ಗಳಿಗೆಯಿಂದಲೇ ನಿಲ್ಲಿಸಿ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಹೆಚ್ಚಿಸಲೂಬೇಡಿ. ಮಾತ್ರೆಯ ಚೀಟಿ ಜೊತೆಗಿರಲಿ. ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆಗಳು ಬಹಳಷ್ಟು ಸಲ ಪೊಟ್ಯಾಶಿಯಂ ಇಳಿಸುತ್ತವೆ. ಅದರ ಮೇಲೆ ಜೇಷ್ಠಮಧುವೂ ಸೇರಿದರೆ ಎರಡೂ ಕಡೆಯಿಂದ ಸೋರಿದಂತೆ.

ನಾನು ಡಾಕ್ಟರ್ ಅಲ್ಲ. ಕುಮಟಾದಲ್ಲಿ 19 ವರ್ಷದಿಂದ ಲ್ಯಾಬ್ ಕೆಲಸ ಮಾಡುತ್ತಿದ್ದೇನೆ. ಲ್ಯಾಬಿನ ಒಂದು ಮಾತು ಹೇಳಿಬಿಡುತ್ತೇನೆ. ರಕ್ತ ತೆಗೆಯುವಾಗ ಪಟ್ಟಿ ಬಿಗಿಯಾಗಿ ಕಟ್ಟಿ ಮುಷ್ಟಿ ಜೋರಾಗಿ ಹಿಡಿಸಿದರೆ, ಅಥವಾ ಕೊಳವೆಯಲ್ಲಿ ರಕ್ತಕಣ ಒಡೆದರೆ, ಪೊಟ್ಯಾಶಿಯಂ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಸುಳ್ಳು ಕಡಿಮೆ ಬರುವುದು ಅಪರೂಪ. ಹಾಗಾಗಿ 2.9 ಅನ್ನು "ಲ್ಯಾಬಿನವರು ತಪ್ಪು ಮಾಡಿರಬೇಕು" ಅಂತ ಬದಿಗಿಡಬೇಡಿ.

ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣ ನಮ್ಮ ಮಾವ, ಅಮ್ಮನ ಅಣ್ಣ. ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಅಡಿಕೆ ತೋಟ, ಜೊತೆಗೆ ತಾಳಮದ್ದಳೆಯಲ್ಲಿ ಭಾಗವತಿಕೆ. ದನಿ ಕಟ್ಟಬಾರದು ಅಂತ ಜೇಷ್ಠಮಧು ಬಾಯಲ್ಲಿಟ್ಟುಕೊಳ್ಳುವುದು ಹಳೆಯ ರೂಢಿ. ಆಟ, ಕೂಟ ಇದ್ದ ರಾತ್ರಿ ಮಾತ್ರ ಇದ್ದದ್ದು, ಅವರು ತಂಬಾಕು ಬಿಟ್ಟ ವರ್ಷ ದಿನದ ಅಭ್ಯಾಸವಾಯಿತು. ಬೆಳಿಗ್ಗೆ ಕಷಾಯಕ್ಕೂ ಅದೇ ಪುಡಿ ಒಂದು ಚಮಚ.

ದೀಪಾವಳಿಗೆ ಹೋದಾಗ ನೋಡಿದೆ. ಮಾವ ಅಟ್ಟದ ಮೆಟ್ಟಿಲ ಹತ್ತಿರ ನಿಂತಿದ್ದರು. ಮೇಲಿಂದ ಇಳಿಬಿಟ್ಟ ಹಗ್ಗ ಎರಡೂ ಕೈಯಲ್ಲಿ ಹಿಡಿದು ಒಂದು ಕಾಲು ಎತ್ತಿ ಇಟ್ಟರು. ಇನ್ನೊಂದು ಮೇಲೆ ಬರಲೇ ಇಲ್ಲ. "ಕೂಸೇ, ತೊಡೆಯಲ್ಲಿ ಶಕ್ತಿನೇ ಇಲ್ಲೆ" ಅಂದರು. ಐವತ್ತು ಕೆಜಿ ಮೂಟೆ ಹೊತ್ತು ಅದೇ ಮೆಟ್ಟಿಲು ಹತ್ತುತ್ತಿದ್ದ ಮನುಷ್ಯ. ಮರುದಿನ ಕುಮಟಾಕ್ಕೆ ಕರೆತಂದೆವು. ಬಿಪಿ 180ರ ಮೇಲೆ. ಪೊಟ್ಯಾಶಿಯಂ 2.6. ನಂಬಲಾಗದೆ ನಾನೇ ಎರಡು ಸಲ ರನ್ ಮಾಡಿದೆ.

ಡಾಕ್ಟರು ಕೇಳಬೇಕಾದ್ದನ್ನೆಲ್ಲ ಕೇಳಿದರು. ವಾಂತಿ, ಭೇದಿ ಇತ್ತಾ? ಬೇರೆ ಔಷಧ ಏನಾದರೂ? ಮಾವ "ಎಂತದೂ ಇಲ್ಲ" ಅಂದರು. ಸುಳ್ಳು ಹೇಳಲಿಲ್ಲ ಅವರು. ಅವರ ಲೆಕ್ಕದಲ್ಲಿ ಜೇಷ್ಠಮಧು ಔಷಧವೇ ಅಲ್ಲ. ಸಂಜೆ ಅವರ ಕವಳದ ಸಂಚಿ ಎತ್ತಿಡುವಾಗ ಕೈಗೆ ಏನೋ ಗರಗರ ಸಿಕ್ಕಿತು. ನಾಲ್ಕೈದು ಕಡ್ಡಿ. ಒಳಗೆಲ್ಲ ಹಳದಿ, ತುದಿ ಅಗಿದು ಅಗಿದು ಬ್ರಶ್ಶಿನ ಹಾಗೆ ನಾರು ನಾರಾಗಿತ್ತು. ಆವತ್ತು ಗೊತ್ತಾಯಿತು.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು. ಎರಡು ಕಿಡ್ನಿಗಳ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಗ್ರಂಥಿಗಳಿವೆ. ಅವು ಆಲ್ಡೋಸ್ಟಿರಾನ್ ಅನ್ನುವ ಹಾರ್ಮೋನು ಮಾಡುತ್ತವೆ. ಉಪ್ಪನ್ನು ಹಿಡಿದಿಡು, ಪೊಟ್ಯಾಶಿಯಂ ಹೊರಗೆ ಹಾಕು ಅಂತ ಕಿಡ್ನಿಗೆ ಹೇಳುವುದು ಇದು. ಅದೇ ಗ್ರಂಥಿ ಕಾರ್ಟಿಸಾಲ್ ಕೂಡ ಮಾಡುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ಆಲ್ಡೋಸ್ಟಿರಾನಿಗಿಂತ ನೂರಾರು ಪಟ್ಟು ಜಾಸ್ತಿ. ತೊಂದರೆ ಏನೆಂದರೆ, ಆಲ್ಡೋಸ್ಟಿರಾನ್ ಕೂರುವ ಜಾಗದಲ್ಲಿ ಕಾರ್ಟಿಸಾಲೂ ಅಷ್ಟೇ ಚೆನ್ನಾಗಿ ಕೂರಬಲ್ಲದು. ಹಾಗಾದರೆ ನಮಗೆಲ್ಲರಿಗೂ ಬಿಪಿ ಏರಬೇಕಿತ್ತು ಅಲ್ವಾ? ಏರುವುದಿಲ್ಲ. ಯಾಕೆಂದರೆ ಕಿಡ್ನಿಯ ಆ ಕೋಶಗಳಲ್ಲಿ ಒಂದು ಕಿಣ್ವ ಇದೆ. ಬಂದ ಕಾರ್ಟಿಸಾಲನ್ನು ಅಲ್ಲೇ ಕಾರ್ಟಿಸೋನ್ ಮಾಡಿಬಿಡುತ್ತದೆ. ಕಾರ್ಟಿಸೋನಿಗೆ ಆ ಜಾಗದಲ್ಲಿ ಕೂರಲು ಬರುವುದಿಲ್ಲ.

ಜೇಷ್ಠಮಧುವಿನ ಸಿಹಿ ಗ್ಲಿಸಿರೈಜಿನ್ ಅನ್ನುವ ವಸ್ತುವಿನದ್ದು. ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಗ್ಲಿಸಿರೆಟಿನಿಕ್ ಆಮ್ಲ ಮಾಡುತ್ತವೆ. ಆ ಆಮ್ಲ ಹೋಗಿ ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ.

ಅಘನಾಶಿನಿ ದಂಡೆಯ ಗಜನಿ ಗದ್ದೆ ನೋಡಿದ್ದೀರಾ? ಭರತದ, ಅಂದರೆ ಸಮುದ್ರ ಉಬ್ಬರದ, ಉಪ್ಪುನೀರು ಒಳಗೆ ನುಗ್ಗದಂತೆ ಒಡ್ಡಿನಲ್ಲಿ ಹಲಗೆ ಬಾಗಿಲು ಇರುತ್ತದೆ. ಬಾಗಿಲು ಕೆಟ್ಟರೆ ಗದ್ದೆ ಹಾಳಾಗಲು ದೊಡ್ಡ ತೂಫಾನು ಬೇಕಿಲ್ಲ, ದಿನಾ ಬರುವ ಭರತವೇ ಸಾಕು. ಇಲ್ಲೂ ಹಾಗೆ. ನಿಮ್ಮ ಅಪ್ಪನ ಕಾರ್ಟಿಸಾಲ್ ಟೆಸ್ಟ್ ಮಾಡಿಸಿದರೆ ಅದು ನಾರ್ಮಲ್ ಅಂತಲೇ ಬರಬಹುದು. ಕೆಟ್ಟಿರುವುದು ಬಾಗಿಲು.

ಇದನ್ನು ಬಿಡಿಸಲು ವಿಜ್ಞಾನಿಗಳಿಗೆ ನಲವತ್ತು ವರ್ಷ ಹಿಡಿಯಿತು. 1946ರಲ್ಲಿ ನೆದರ್‌ಲ್ಯಾಂಡ್ಸಿನ ರೆವರ್ಸ್ ಅನ್ನುವ ವೈದ್ಯರು ಹೊಟ್ಟೆಹುಣ್ಣಿನ ರೋಗಿಗಳಿಗೆ ಜೇಷ್ಠಮಧುವಿನ ಸಾರ ಕೊಟ್ಟರು. ಹುಣ್ಣಿಗೆ ಗುಣ ಕಂಡಿತು. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಮುಖ, ಕೈಕಾಲು ಊದಿದವು. 1950ರಲ್ಲಿ ಅಲ್ಲಿನವರೇ ಆದ ಬೋರ್ಸ್ಟ್ ಮತ್ತು ಜೊತೆಯವರು, ಈ ಸಾರ ಅಡ್ರಿನಲ್ ಹಾರ್ಮೋನಿನ ಹಾಗೆ ಉಪ್ಪು ಹಿಡಿದಿಡುತ್ತದೆ ಅಂತ ತೋರಿಸಿದರು. ಆಗಿನ್ನೂ ಆಲ್ಡೋಸ್ಟಿರಾನ್ ಪತ್ತೆಯೇ ಆಗಿರಲಿಲ್ಲ! ಅದು ಕೈಗೆ ಸಿಕ್ಕಿದ್ದು 1953ರಲ್ಲಿ, ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಅವರ ಕೆಲಸದಿಂದ.

ಜೇಷ್ಠಮಧು ತಾನೇ ಹಾರ್ಮೋನಿನ ವೇಷ ಹಾಕುತ್ತದೆ ಅಂತ ಬಹಳ ಜನ ತಿಳಿದಿದ್ದರು. ಆದರೆ ಅಡ್ರಿನಲ್ ಗ್ರಂಥಿ ಪೂರ್ತಿ ಸೋತವರಿಗೆ ಅದನ್ನು ಕೊಟ್ಟರೆ ಏನೂ ಆಗುತ್ತಿರಲಿಲ್ಲ. ಜೊತೆಗೆ ಕಾರ್ಟಿಸೋನ್ ಕೊಟ್ಟಾಗ ಮಾತ್ರ ಪರಿಣಾಮ. ಮಾತ್ರೆಯಾಗಿ ಕೊಟ್ಟ ಕಾರ್ಟಿಸೋನ್ ಲಿವರಿನಲ್ಲಿ ಮತ್ತೆ ಕಾರ್ಟಿಸಾಲ್ ಆಗುತ್ತದೆ, ಅಂದರೆ ಜೇಷ್ಠಮಧುವಿಗೆ ಕಾರ್ಟಿಸಾಲ್ ಬೇಕಿತ್ತು. ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾಗುವ ಜಾಗ ಇದು. ಉತ್ತರ ಎದುರಿಗೇ ಇತ್ತು, ಓದಲು ಯಾರಿಗೂ ಆಗಿರಲಿಲ್ಲ. ಮುಂದೆ, ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡದ ಕೆಲವು ಮಕ್ಕಳು ಸಿಕ್ಕರು. ಎಳೆ ವಯಸ್ಸಿಗೇ ವಿಪರೀತ ಬಿಪಿ, ಪೊಟ್ಯಾಶಿಯಂ ಕಡಿಮೆ, ಆಲ್ಡೋಸ್ಟಿರಾನ್ ಇಲ್ಲವೇ ಇಲ್ಲ ಅನ್ನುವಷ್ಟು. 1987ರಲ್ಲಿ ಎಡಿನ್‌ಬರೋದ ಸ್ಟೀವರ್ಟ್ ಮತ್ತು ತಂಡದವರು ಆರೋಗ್ಯವಂತರಿಗೆ ಜೇಷ್ಠಮಧು ತಿನ್ನಿಸಿ, ಅವರಲ್ಲೂ ಅದೇ ಕಿಣ್ವ ಕಟ್ಟಿಬೀಳುವುದನ್ನು ತೋರಿಸಿದರು. ಮರುವರ್ಷ ಎಡಿನ್‌ಬರೋ ಮತ್ತು ಮೆಲ್ಬರ್ನಿನ ಎರಡು ತಂಡಗಳು ಆ ಕಿಣ್ವದ ಕಾವಲು ಕೆಲಸವನ್ನು ಬಿಡಿಸಿಟ್ಟವು.

ಈಗ ಎಷ್ಟು ತಿಂದರೆ ಅಪಾಯ? ಯೂರೋಪಿನಲ್ಲಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟಬೇಡಿ ಅನ್ನುತ್ತಾರೆ. 2024ರಲ್ಲಿ ಸ್ವೀಡನ್ನಿನಲ್ಲಿ ಅಷ್ಟನ್ನೇ ಎರಡು ವಾರ ಕೊಟ್ಟು ನೋಡಿದಾಗಲೂ ಬಿಪಿ ಸ್ವಲ್ಪ ಏರಿತು. ಕೆಲವರಿಗೆ ಬೇರೆಯವರಿಗಿಂತ ಜಾಸ್ತಿಯೇ. ಬೇರಿನಲ್ಲಿ ಎಷ್ಟಿರುತ್ತದೆ ಅನ್ನುವುದು ಬೇರಿನಿಂದ ಬೇರಿಗೆ ಬೇರೆ. ನೂರಕ್ಕೆ ನಾಲ್ಕು ಪಾಲು ಅಂತ ಹಿಡಿದರೂ ಎರಡೂವರೆ ಗ್ರಾಂ ಪುಡಿಯಲ್ಲಿ 100 ಮಿಲಿಗ್ರಾಂ ಆಯಿತು. ಅಂದರೆ ಒಂದು ಚಮಚ. ಕೆಮ್ಮು ಬಂದಾಗ ಎರಡು ದಿನ ಕಷಾಯ ಕುಡಿದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ದಿನವಿಡೀ, ತಿಂಗಳುಗಟ್ಟಲೆ ಅಗಿಯುವುದು ಬೇರೆ ಮಾತು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 54 ವರ್ಷದ ಒಬ್ಬರು ಇದರ ಕಪ್ಪು ಮಿಠಾಯಿಯನ್ನು ಕೆಲವು ವಾರ ದಿನಕ್ಕೆ ಒಂದೂವರೆ ಪೊಟ್ಟಣದಂತೆ ತಿಂದು ಹೃದಯ ನಿಂತು ತೀರಿಕೊಂಡರು. 2020ರಲ್ಲಿ ವೈದ್ಯರು ಅದನ್ನು ವರದಿ ಮಾಡಿದರು. ಅವರಿಗೂ ಪೊಟ್ಯಾಶಿಯಂ ತೀರಾ ಇಳಿದಿತ್ತು.

ನಮ್ಮ ಕಡೆ ಇದು ಬೆಟ್ಟದ ಬೇರು, ಮನೆಮದ್ದು ಅನ್ನುವ ಭಾವನೆ ಇದೆ. ನಮ್ಮ ಬೆಟ್ಟದಲ್ಲಿ ಇದು ಬೆಳೆಯುವುದಿಲ್ಲ. ಇರಾನ್, ಅಫ್ಘಾನಿಸ್ತಾನದ ಕಡೆಯ ಒಣ ಭೂಮಿಯ ಬೇರು, ಅಂಗಡಿಗೆ ಬರುವುದೂ ಹೆಚ್ಚಾಗಿ ಅಲ್ಲಿಂದಲೇ. ಯಷ್ಟಿಮಧು, ಅತಿಮಧುರ, ಮುಲೇಠಿ ಎಲ್ಲ ಒಂದೇ. ಮನೆಯಲ್ಲಿರುವ ಕೆಮ್ಮಿನ ಸಿರಪ್ಪು, ಗಂಟಲಿನ ಗುಳಿಗೆ, ಕಷಾಯದ ಪುಡಿ ಎಲ್ಲದರ ಹಿಂದಿನ ಬರಹ ಓದಿ. ಕಡ್ಡಿ ನಿಲ್ಲಿಸಿ ಪುಡಿ ಮುಂದುವರಿಸಿದರೆ ಪ್ರಯೋಜನವಿಲ್ಲ.

ಡಾಕ್ಟರಿಗೆ "ಏನೋ ಬೇರು ತಿನ್ನುತ್ತಾರೆ" ಅನ್ನಬೇಡಿ. ಕಡ್ಡಿಯನ್ನೇ ತೆಗೆದುಕೊಂಡು ಹೋಗಿ ಮೇಜಿನ ಮೇಲಿಡಿ. ದಿನಕ್ಕೆ ಎಷ್ಟು, ಎಷ್ಟು ತಿಂಗಳಿಂದ, ಯಾವತ್ತು ನಿಲ್ಲಿಸಿದರು, ಮೂರೂ ಹೇಳಿ. ಅವರು ರೆನಿನ್ (ಆಲ್ಡೋಸ್ಟಿರಾನ್ ಮಾಡಿಸಲು ಕಿಡ್ನಿ ಬಿಡುವ ವಸ್ತು), ಆಲ್ಡೋಸ್ಟಿರಾನ್ ಟೆಸ್ಟ್ ಬರೆದುಕೊಡಬಹುದು. ಅಡ್ರಿನಲ್ಲಿನಲ್ಲೇ ಗಂಟು ಇದ್ದರೆ ಆಲ್ಡೋಸ್ಟಿರಾನ್ ಜಾಸ್ತಿ, ರೆನಿನ್ ಕಡಿಮೆ ಬರುತ್ತದೆ. ಜೇಷ್ಠಮಧುವಿನಿಂದಾದರೆ ಎರಡೂ ಕಡಿಮೆ. ಮಾವನಿಗೆ ಎರಡೂ ಕಡಿಮೆ ಬಂದಿತ್ತು. ನಿಲ್ಲಿಸಿದ ಮೇಲೂ ಕೆಲವು ವಾರ, ಕೆಲವರಲ್ಲಿ ತಿಂಗಳುಗಳೇ ಈ ಎರಡು ಅಂಕಿ ಕೆಳಗೇ ಇರಬಹುದು. ಅದಕ್ಕೇ ತಾರೀಕು ಮುಖ್ಯ. ಎರಡೂ ಕಡಿಮೆ ಬರದಿದ್ದರೆ ಡಾಕ್ಟರು ಬೇರೆ ಕಾರಣ ಹುಡುಕಲಿ, ಜೇಷ್ಠಮಧು ಒಂದನ್ನೇ ಹಿಡಿದು ಕೂರಬೇಡಿ.

ಎಳನೀರು ಕುಡಿಸಿ ಮನೆಯಲ್ಲೇ ಪೊಟ್ಯಾಶಿಯಂ ಏರಿಸೋಣ ಅಂತಲೂ ಕೂರಬೇಡಿ. ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಅನ್ನುವುದು ಕಿಡ್ನಿ ಹೇಗಿದೆ, ಬಿಪಿ ಮಾತ್ರೆ ಯಾವುದು ಅನ್ನುವುದರ ಮೇಲೆ ಹೋಗುತ್ತದೆ.

ಮಾವನಿಗೆ ಮೂರನೇ ವಾರಕ್ಕೆ ಬಿಪಿ 140ಕ್ಕೆ ಇಳಿಯಿತು, ಪೊಟ್ಯಾಶಿಯಂ 4 ಮುಟ್ಟಿತು. ಕಾಲಿಗೆ ಬಲ ಬಂತು. ನಿಮ್ಮ ಅಪ್ಪ ಕವಳ ಬಿಟ್ಟದ್ದು ದೊಡ್ಡ ಕೆಲಸ, ಈ ಗಲಾಟೆಯಲ್ಲಿ ಮತ್ತೆ ಅಲ್ಲಿಗೇ ಹೋಗದ ಹಾಗೆ ನೋಡಿಕೊಳ್ಳಿ. ಮಾವನ ಸಂಚಿಯಲ್ಲಿ ಈಗ ಸೋಂಪು ಮತ್ತು ಒಣಗಿಸಿದ ನೆಲ್ಲಿಕಾಯಿ ಚೂರು ಇರುತ್ತದೆ, ಪದ ಹೇಳುವ ರಾತ್ರಿ ಬಿಸಿನೀರಿನ ಫ್ಲಾಸ್ಕು.