ದಿನಕ್ಕೆ 30 ಪದ ಕಲಿತರೂ ಮರೆತುಹೋಗುತ್ತದೆ ಎಂದವರಿಗೆ

ಬ್ಯಾಂಕ್ ಪರೀಕ್ಷೆಗಾಗಿ ದಿನಕ್ಕೆ 30 ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತೇನೆ, ವಾರದೊಳಗೆ ಎಲ್ಲ ಮರೆತುಹೋಗುತ್ತದೆ ಎಂದು ಕೇಳಿದ್ದೀರಿ. ತಪ್ಪು ನಿಮ್ಮ ನೆನಪಿನದ್ದಲ್ಲ. 30 ಬಹಳ ಜಾಸ್ತಿ. 8 ಸಾಕು.

ಪದಗಳನ್ನು ಬಿಡಿಬಿಡಿಯಾಗಿ ಕಲಿಯಬೇಡಿ, ಮನೆತನ ಹಿಡಿದು ಕಲಿಯಿರಿ. ಕನ್ನಡದಲ್ಲಿ ಸುಗುಣ, ದುರ್ಗುಣ ಅಂತೀವಲ್ಲ, ಲ್ಯಾಟಿನ್‌ನಿಂದ ಬಂದ 'ಬೆನೆ', 'ಮ್ಯಾಲ್' ಕೂಡ ಹೆಚ್ಚುಕಡಿಮೆ ಹಾಗೇ. ಬೆನೆವೊಲೆಂಟ್ ಅಂದರೆ ಒಳ್ಳೆಯದನ್ನು ಬಯಸುವವನು, ಮಲೆವೊಲೆಂಟ್ ಅಂದರೆ ಕೆಟ್ಟದ್ದನ್ನು ಬಯಸುವವನು. ಬೆನೆಫ್ಯಾಕ್ಟರ್ ಅಂದರೆ ಉಪಕಾರಿ. ಆದರೆ ಎಲ್ಲ ಕಡೆ ಇದು ನಡೆಯದು. ಮ್ಯಾಲೆಟ್ ಅಂದರೆ ಬರೀ ಕೊಡತಿ, ಅದರಲ್ಲಿ ಕೆಟ್ಟದ್ದೇನೂ ಇಲ್ಲ!

ಅರ್ಥದ ಜೊತೆ ಪದದ ಬಣ್ಣವನ್ನೂ ಬರೆದುಕೊಳ್ಳಿ. ಎಲೊಕ್ವೆಂಟ್, ಲೊಕ್ವೇಶಿಯಸ್ ಎರಡೂ 'ಮಾತಾಡು' ಎಂಬ ಒಂದೇ ಬೇರಿನವು. ಮೊದಲನೆಯದು ಮನಮುಟ್ಟುವಂತೆ ಮಾತಾಡುವವರನ್ನು ಹೊಗಳುತ್ತದೆ. ಎರಡನೆಯದು ನಮ್ಮ 'ವಾಚಾಳಿ'. ಪರೀಕ್ಷೆಯಲ್ಲಿ ಎಡವುವುದು ಇಂಥಲ್ಲೇ. ಬರೀ 'ಮಾತುಗಾರ' ಎಂದು ಬರೆದುಕೊಂಡರೆ ಎರಡೂ ಕಲಸಿಹೋಗುತ್ತವೆ, ಅಲ್ವಾ?

ಇನ್ನು ಮರೆವು. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ: ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಮರೆವು ಅತಿ ವೇಗ. ಹಾಗಾಗಿ ಅದೇ ರಾತ್ರಿ ಒಮ್ಮೆ, ಮರುದಿನ, ಮೂರನೇ ದಿನ, ವಾರಕ್ಕೊಮ್ಮೆ ನೋಡಿ. ಸುಮ್ನೆ ಓದಬೇಡಿ. ಅರ್ಥದ ಮೇಲೆ ಕೈಯಿಟ್ಟು ಮುಚ್ಚಿ, ನೆನಪು ಮಾಡಿಕೊಂಡು ಹೇಳಿ. ಬರಲಿಲ್ಲವೆಂದರೆ ಆ ಪದ ಇಟ್ಟು ನಿಮ್ಮ ಮನೆಯವರ ಬಗ್ಗೆಯೇ ಒಂದು ವಾಕ್ಯ ಬರೆಯಿರಿ.