ಬಾಲ ಕಳೆದುಕೊಂಡ ಸಾರ್ಕ್

ಪ್ರಶ್ನೆ: ಗಡ್ಡೆ ತರುವ ಕೆಲವು ವೈರಸ್‌ಗಳು ಜೀವಕೋಶದ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸಿ ಕ್ಯಾನ್ಸರ್ ತರುತ್ತವೆ ಅಂತ ಓದಿದೆ. ಇಷ್ಟು ಸಣ್ಣ ಬದಲಾವಣೆಯಿಂದ ಕೋಶದ ಸ್ವಭಾವವೇ ಬದಲಾಗುತ್ತದೆಯೇ?

ಉತ್ತರ: ಬದಲಾಗುತ್ತದೆ. ಫಾಸ್ಫೇಟ್ ಗಾತ್ರದಲ್ಲಿ ಚಿಕ್ಕದು, ಆದರೆ ಅದರಲ್ಲಿ ಋಣ ವಿದ್ಯುದಂಶ ಜಾಸ್ತಿ. ಅದು ಬಂದು ಕೂತರೆ ಪ್ರೋಟೀನಿನ ಆಕಾರ ತಿರುಚಿಕೊಳ್ಳಬಹುದು, ಇಲ್ಲವೇ ಬೇರೆ ಪ್ರೋಟೀನ್ ಬಂದು ಹಿಡಿದುಕೊಳ್ಳಲು ಜಾಗ ಸಿಗಬಹುದು. ಬೆಳೆ, ನಿಲ್ಲು, ವಿಭಜನೆಯಾಗು ಅಂತ ಕೋಶದೊಳಗೆ ಸುದ್ದಿ ಸಾಗುವುದು ಬಹುಪಾಲು ಹೀಗೇ. ಫಾಸ್ಫೇಟ್ ಅಂಟಿಸುವ ಕಿಣ್ವ ಕೈನೇಸ್, ಕೀಳುವ ಕಿಣ್ವ ಫಾಸ್ಫಟೇಸ್.

ರೌಸ್ ಸಾರ್ಕೋಮಾ ವೈರಸ್ಸನ್ನೇ ನೋಡಿ. 1911ರಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆಯನ್ನು ಅರೆದು, ಕೋಶವಾಗಲಿ ಬ್ಯಾಕ್ಟೀರಿಯಾವಾಗಲಿ ದಾಟದಂತೆ ಸೋಸಿ, ಆ ರಸವನ್ನು ಬೇರೆ ಕೋಳಿಗೆ ಚುಚ್ಚಿದರು. ಅದಕ್ಕೂ ಗಡ್ಡೆ ಬಂತು. (ನೊಬೆಲ್ ಸಿಕ್ಕಿದ್ದು ಮಾತ್ರ 1966ರಲ್ಲಿ!) ಈ ವೈರಸ್ಸಿನ ಆಯುಧ ಸಾರ್ಕ್ ಅನ್ನೋ ಒಂದೇ ಪ್ರೋಟೀನ್. ಅದು ಕೈನೇಸ್ ಅಂತ ಗೊತ್ತಾಗಿದ್ದು 1978ರಲ್ಲಿ.

ಆದರೆ ಸಾರ್ಕ್ ವೈರಸ್ಸಿನ ಸ್ವಂತದ್ದಲ್ಲ, ಕದ್ದ ಮಾಲು. ಆರೋಗ್ಯವಾಗಿರುವ ಕೋಳಿಯ ಕೋಶದಲ್ಲೇ ಸಾರ್ಕ್ ಮಾಡುವ ಜೀನ್ ಇದೆ ಅಂತ 1976ರಲ್ಲಿ ವಿಜ್ಞಾನಿಗಳಾದ ಬಿಷಪ್ ಮತ್ತು ವಾರ್ಮಸ್ ತಂಡ ತೋರಿಸಿತು. ಹಾಗಿದ್ರೆ ಕೋಳಿಗೆ ಸುಮ್ನೆ ಯಾಕೆ ಕ್ಯಾನ್ಸರ್ ಬರಲ್ಲ? ಕೋಶದ ಸಾರ್ಕ್‌ಗೆ ಒಂದು ಬಾಲ ಇದೆ. ಬಾಲದಲ್ಲಿರುವ ಟೈರೋಸಿನ್ ಅನ್ನೋ ಅಮೈನೋ ಆಮ್ಲಕ್ಕೆ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲಿ ಒಂದು) ಫಾಸ್ಫೇಟ್ ಅಂಟಿದರೆ ಬಾಲ ಮಡಚಿಕೊಂಡು ಸಾರ್ಕ್‌ನ ಮೈಗೇ ಕಚ್ಚಿಕೊಳ್ಳುತ್ತದೆ, ಕೆಲಸ ಬಂದ್. ವೈರಸ್ಸಿನ ಪ್ರತಿಯಲ್ಲಿ ಆ ಬಾಲವೇ ಇಲ್ಲ. ಹಾಗಾಗಿ ಅದು ಹಗಲು ರಾತ್ರಿ ಫಾಸ್ಫೇಟ್ ಅಂಟಿಸುತ್ತಲೇ ಇರುತ್ತದೆ.

ಪರಿಣಾಮ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ. ಲ್ಯಾಬಿನ ತಟ್ಟೆಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದ ಕೋಶ ಹಿಡಿತ ಬಿಟ್ಟು ಗುಂಡಗಾಗುತ್ತದೆ, ಒಂದರ ಮೇಲೊಂದು ಹತ್ತಿ ಬೆಳೆಯುತ್ತದೆ. ಬಿಸಿ ತಾಳದ ಸಾರ್ಕ್ ಇರುವ ವೈರಸ್ ತಳಿಯೂ ಇದೆ. 41 ಡಿಗ್ರಿಗೆ ಏರಿಸಿದರೆ ಅದೇ ಕೋಶ ಮತ್ತೆ ಚಪ್ಪಟೆ! ಅಂದರೆ ಕೋಶ ಕೆಟ್ಟಂತೆ ಉಳಿಯಲು ಸಾರ್ಕ್ ಬಿಡುವಿಲ್ಲದೆ ದುಡಿಯುತ್ತಿರಬೇಕು.

ಸಾರ್ಕ್ ಫಾಸ್ಫೇಟನ್ನು ಟೈರೋಸಿನ್‌ಗೇ ಅಂಟಿಸುತ್ತದೆ ಅಂತ ತಿಳಿದ ಕಥೆ ನನಗೆ ಬಲು ಇಷ್ಟ. ಅಲ್ಲಿಯವರೆಗೆ ಸೆರಿನ್, ಥ್ರಿಯೋನಿನ್ ಅನ್ನೋ ಬೇರೆ ಎರಡು ಅಮೈನೋ ಆಮ್ಲಗಳು ಮಾತ್ರ ಎಲ್ಲರ ಕಣ್ಣಲ್ಲಿದ್ದವು. 1979ರಲ್ಲಿ ವಿಜ್ಞಾನಿ ಟೋನಿ ಹಂಟರ್ ಇವನ್ನು ವಿದ್ಯುತ್ ಹರಿಸಿ ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವಾಗ ಹಳೇ ಬಫರ್ (ಆಮ್ಲೀಯತೆಯನ್ನು ಹಿಡಿದಿಡುವ ದ್ರಾವಣ) ಬಳಸಿದರು. ಅದರ ಪಿಎಚ್ (ಆಮ್ಲೀಯತೆಯ ಅಳತೆ) 1.9ರಿಂದ 1.7ಕ್ಕೆ ಇಳಿದಿತ್ತು. ಸರಿಯಾದ ಬಫರ್‌ನಲ್ಲಿ ಥ್ರಿಯೋನಿನ್ ಜೊತೆ ಬೆರೆತು ಕಾಣದೇ ಹೋಗುತ್ತಿದ್ದ ಟೈರೋಸಿನ್ ಚುಕ್ಕೆ ಆ ದಿನ ಬೇರೆಯಾಗಿ ನಿಂತಿತು. ಹೊಸ ಬಫರ್ ಮಾಡಿಕೊಂಡಿದ್ದರೆ ಕಾಣುತ್ತಿರಲಿಲ್ಲ, ಅಲ್ವಾ?

ಎಲ್ಲ ಗಡ್ಡೆ ವೈರಸ್‌ಗಳೂ ಹೀಗಲ್ಲ. ಪಾಲಿಯೋಮಾ ವೈರಸ್ ತನ್ನ ಕೈನೇಸ್ ತರುವುದೇ ಇಲ್ಲ, ಕೋಶದ ಸಾರ್ಕನ್ನೇ ಹಿಡಿದು ಎಬ್ಬಿಸುತ್ತದೆ. ಗರ್ಭಕಂಠದ ಕ್ಯಾನ್ಸರ್ ತರುವ ಪ್ಯಾಪಿಲೋಮಾ ವೈರಸ್‌ನ ದಾರಿ ಬೇರೆ: ವಿಭಜನೆಗೆ ತಡೆಯೊಡ್ಡುವ ಪಿ53, ಆರ್‌ಬಿ ಪ್ರೋಟೀನ್‌ಗಳನ್ನೇ ಅದು ಮುಗಿಸಿಬಿಡುತ್ತದೆ.