ಯುದ್ಧನೌಕೆಗೆ ಕಡಿಮೆ ಬೆಲೆ, ಹೆಚ್ಚು ಶಕ್ತಿ, ಬೇಕಾದಂತೆ ಬದಲಿಸುವ ಅನುಕೂಲ: ಮೂರೂ ಒಟ್ಟಿಗೆ ಸಿಗುತ್ತವೆಯೇ?

ಪೂರ್ತಿಯಾಗಿ ಸಿಗುವುದಿಲ್ಲ. ಆದರೆ ದುಡ್ಡು ಹೆಚ್ಚು ಹೋಗುವುದು ರೇಡಾರ್, ಸೋನಾರ್ (ನೀರಿನಡಿ ಇರುವುದನ್ನು ಶಬ್ದದಿಂದ ಪತ್ತೆಹಚ್ಚುವ ಸಾಧನ), ಕ್ಷಿಪಣಿಗಳಿಗೆ, ಒಡಲಿನ ಉಕ್ಕಿಗಲ್ಲ. ಹಾಗಾಗಿ ಹಡಗನ್ನು ಮೊದಲೇ ತುಸು ದೊಡ್ಡದಾಗಿ ಕಟ್ಟಿ ಜಾಗ, ತೂಕ, ವಿದ್ಯುತ್ತಿನಲ್ಲಿ ಒಂದಿಷ್ಟು ಉಳಿಸಿಕೊಳ್ಳುವುದು ಜಾಣತನ. ನಮ್ಮ ಕುವೆಂಪುನಗರದಲ್ಲಿ ಮುಂದೆ ಮಹಡಿ ಎತ್ತೋಣ ಅಂತ ಪಿಲ್ಲರ್ ಕಂಬಿ ಬಿಟ್ಟು ತಾರಸಿ ಹಾಕುತ್ತಾರಲ್ಲ, ಅದೇ ಲೆಕ್ಕ.

ನಮ್ಮೂರ ಹೆಸರಿನ ಐಎನ್‌ಎಸ್ ಮೈಸೂರಿನ ಅಕ್ಕ ಐಎನ್‌ಎಸ್ ಡೆಲ್ಲಿ ಸೇವೆಗೆ ಬಂದದ್ದು 1997ರಲ್ಲಿ. ಬ್ರಹ್ಮೋಸ್ ಕ್ಷಿಪಣಿಯ ಮೊದಲ ಪರೀಕ್ಷೆಯೇ 2001ರಲ್ಲಿ! ಆದರೂ 2022ರಲ್ಲಿ ಅದೇ ಹಡಗಿನಿಂದ ಬ್ರಹ್ಮೋಸ್ ಹಾರಿತು.

ಕೆಲಸಕ್ಕೆ ತಕ್ಕಂತೆ ಇಡೀ ಉಪಕರಣವನ್ನೇ ಬದಲಿಸುವ ಅಮೆರಿಕದ ಎಲ್‌ಸಿಎಸ್ (ಕರಾವಳಿಯ ಹತ್ತಿರ ಕಾದಾಡುವ ಯುದ್ಧನೌಕೆ) ಯೋಜನೆ ಮಾತ್ರ ಕಾಗದದ ಮೇಲೆ ಚೆಂದ. ಹಾಗೆ ಬದಲಿಸಬೇಕಾದ ಉಪಕರಣಗಳ ಕಟ್ಟುಗಳು, ಅಂದರೆ ಮಾಡ್ಯೂಲ್‌ಗಳು, ವರ್ಷಗಟ್ಟಲೆ ತಡವಾದವು; ಕೊನೆಗೆ ಒಂದು ಹಡಗಿಗೆ ಒಂದೇ ಕೆಲಸ ಎಂದು ನೌಕಾಪಡೆಯೇ ನಿರ್ಧರಿಸಿತು.